ಹೋಗಲು 16 ಗಂಟೆ, ಬರಲು ಹದಿನೇಳು ಮುಕ್ಕಾಲು: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯ ಲೆಕ್ಕ

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಈ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ ಮೊದಲ ಸಲ ಅಲ್ಲಿಗೆ ಹೊರಟಿದ್ದೇವೆ. ಅವಳು ಹಿಂದೆ ಓಡಾಡಿದ್ದ ನೇರ ವಿಮಾನದ ಟಿಕೆಟ್ ನೋಡುತ್ತಿದ್ದೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟರೆ ಅದೇ ದಿನ ಸಂಜೆ 4.30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಬರುವಾಗ ಶನಿವಾರ ರಾತ್ರಿ 8.30ಕ್ಕೆ ಹೊರಟರೆ ಬೆಂಗಳೂರು ಸೋಮವಾರ ಬೆಳಗಿನ ಜಾವ 3.45ಕ್ಕೆ. ಅಂದರೆ ಹೋಗಲು ಎರಡೂವರೆ ಗಂಟೆ, ಬರಲು 31 ಗಂಟೆಯೇ? ದೂರ 14,000 ಕಿ.ಮೀ. ಅಂತ ಮೊಬೈಲ್ ತೋರಿಸುತ್ತದೆ. ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೂ ಯಾವುದೂ ತಾಳೆಯಾಗುತ್ತಿಲ್ಲ. ಭೂಪಟದಲ್ಲಿ ನೋಡಿದರೆ ಪೆಸಿಫಿಕ್ ದಾಟಿ ನೆಟ್ಟಗೆ ಹೋಗಬಹುದು. ಆದರೆ ಅವಳು ವಾಪಸ್ ಬಂದ ವಿಮಾನ ಉತ್ತರ ಧ್ರುವದ ಕಡೆಯಿಂದ ಬಂತಂತೆ. ಇಷ್ಟು ಸುತ್ತು ಯಾಕೆ? ನಮ್ಮಂಥವರು ನೇರ ವಿಮಾನ ಹಿಡಿಯೋದು ಒಳ್ಳೆಯದೋ, ನಡುವೆ ಇಳಿದು ಹೋಗೋದೋ?
— ಹಾಸನದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು, ಯಾಕಂದರೆ ಪೆನ್ನು ಹಿಡಿದು ಭಾಗಾಕಾರ ಮಾಡಿ ನೋಡುವವರು ಕಡಿಮೆ. ವಿಮಾನಗಳಿಗೆ ದಾರಿ, ಇಂಧನ ಎಲ್ಲ ಲೆಕ್ಕ ಹಾಕಿಕೊಡುವ ಕೆಲಸದಲ್ಲಿ ನಾನು ಬಹಳ ವರ್ಷ ಇದ್ದೆ. ಡಿಸ್ಪ್ಯಾಚ್ ಅಂತ ಕರೆಯುತ್ತೇವೆ. ಪೈಲಟ್ ಬರುವ ಹೊತ್ತಿಗೆ ಅವರ ಕೈಗೆ ಫ್ಲೈಟ್ ಪ್ಲಾನ್ ಕೊಡುವವರು ನಾವೇ. ಆ ಅನುಭವದಲ್ಲಿ ಹೇಳೋದಾದರೆ, ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ನೀವು ಹಿಡಿದಿರುವ ಅಂಕಿಗಳು ಮಾತ್ರ ಒಂದೊಂದು ಒಂದೊಂದು ಜಾತಿಯವು.

ಮೊದಲು ಗಡಿಯಾರದ ಗೋಜಲು ಬಿಡಿಸೋಣ, ಅದು ಸುಲಭ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ. ನೀವು ಹೋಗೋದು ಚಳಿಗಾಲದಲ್ಲಿ. ಆದ್ದರಿಂದ ಎಲ್ಲವನ್ನೂ ಹಾಸನದ ಗಡಿಯಾರಕ್ಕೆ ತಂದುಬಿಡಿ. ಅಲ್ಲಿಯ ಸಂಜೆ 4.30 ಅಂದರೆ ನಮ್ಮಲ್ಲಿ ಮಾರನೇ ದಿನ ಬೆಳಗ್ಗೆ 6. ಮಧ್ಯಾಹ್ನ 2ರಿಂದ ಬೆಳಗ್ಗೆ 6ಕ್ಕೆ 16 ಗಂಟೆ. ಬರುವಾಗ ಅಲ್ಲಿಯ ಶನಿವಾರ ರಾತ್ರಿ 8.30 ಅಂದರೆ ನಮ್ಮಲ್ಲಿ ಭಾನುವಾರ ಬೆಳಗ್ಗೆ 10. ಅಲ್ಲಿಂದ ಸೋಮವಾರ 3.45ಕ್ಕೆ ಹದಿನೇಳು ಮುಕ್ಕಾಲು ಗಂಟೆ. ಅಷ್ಟೇ. ಪೆಸಿಫಿಕ್‌ನಲ್ಲಿ ತಾರೀಕು ಬದಲಾಗುವ ದಿನರೇಖೆ ದಾಟಿದೆವೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳಲೇಬೇಡಿ, ಎರಡೂ ಕಡೆಯ ಹೊತ್ತನ್ನು ಒಂದೇ ಗಡಿಯಾರಕ್ಕೆ ತಂದರೆ ಅದು ತಾನಾಗಿ ಲೆಕ್ಕಕ್ಕೆ ಸೇರಿಹೋಗುತ್ತದೆ. ನಮ್ಮ ಅತ್ತೆ ಮೊದಲ ಸಲ ಹೋಗಿ ಬಂದಾಗ "ನನ್ನ ಭಾನುವಾರ ಎಲ್ಲಿ ಹೋಯ್ತೋ" ಅಂತ ಒಂದು ವಾರ ಕೇಳುತ್ತಿದ್ದರು. ಭಾನುವಾರ ಎಲ್ಲೂ ಹೋಗಿರಲಿಲ್ಲ, ಹೋಗುವಾಗ ಸಾಲ ತಂದಿದ್ದ ಹದಿಮೂರೂವರೆ ಗಂಟೆಯನ್ನು ಬರುವಾಗ ತೀರಿಸಿದ್ದರು.

ಇನ್ನು 14,000 ಕಿ.ಮೀ. ಇದು ಸರಿಯಾದ ಅಂಕಿಯೇ. ಆದರೆ ಇದು ನಿಮ್ಮ ಭೂಪಟದ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದ ದೂರವಲ್ಲ. ಉಂಡೆಯಾದ ಭೂಮಿಯ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದರೆ ಬರುವ ದೂರ. ಮನೆಯಲ್ಲಿ ಗ್ಲೋಬ್ ಇದ್ದರೆ ಸರಿ, ಇಲ್ಲದಿದ್ದರೆ ಒಂದು ಚಕ್ಕೋತ ತಗೊಳ್ಳಿ. ಸುಮ್ನೆ ಹೇಳುತ್ತಿಲ್ಲ, ಬೆಂಗಳೂರಿನ ವಿಮಾನ ನಿಲ್ದಾಣ ಇರೋದೇ ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿಯಲ್ಲಿ. ತೊಟ್ಟಿನ ಭಾಗ ಉತ್ತರ ಧ್ರುವ ಅಂದುಕೊಳ್ಳಿ. ಹಣ್ಣಿನ ಹೊಟ್ಟೆಗಿಂತ ಸ್ವಲ್ಪ ಮೇಲೆ ಒಂದು ಚುಕ್ಕೆ ಇಡಿ, ಅದು ಬೆಂಗಳೂರು, 13 ಡಿಗ್ರಿ ಅಕ್ಷಾಂಶ. ಈಗ ಹಣ್ಣನ್ನು ಹೆಚ್ಚೂಕಡಿಮೆ ಪೂರ್ತಿ ಹಿಂದಕ್ಕೆ ತಿರುಗಿಸಿ. ಅಲ್ಲಿ ಇನ್ನೂ ಸ್ವಲ್ಪ ಮೇಲೆ, ಮೂವತ್ತೇಳೂವರೆ ಡಿಗ್ರಿಯಲ್ಲಿ ಇನ್ನೊಂದು ಚುಕ್ಕೆ. ಅದು ಸ್ಯಾನ್ ಫ್ರಾನ್ಸಿಸ್ಕೊ. ಎರಡಕ್ಕೂ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಹೊಟ್ಟೆಯ ಮೇಲೆ ನಿಲ್ಲೋದಿಲ್ಲ, ಜಾರಿಕೊಂಡು ತೊಟ್ಟಿನ ಹತ್ತಿರ ಹೋಗಿ ಕೂರುತ್ತದೆ.

ನಿಮಗೆ ಸುತ್ತು ಅನ್ನಿಸಿದ್ದು ಇದೇ. ನಿಜವಾದ ಸುತ್ತು ಭೂಪಟದ ನೆಟ್ಟಗಿನ ಗೆರೆ! ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು, ಭೂಪಟದಲ್ಲಿ ಸರಳರೇಖೆಯಾಗಿ ಪೆಸಿಫಿಕ್ ದಾಟಿದರೆ 16,100 ಕಿ.ಮೀ. ಆಗುತ್ತದೆ. ದಾರದ ದಾರಿಗಿಂತ 2,100 ಕಿ.ಮೀ. ಜಾಸ್ತಿ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆಯ ಜಾಗವನ್ನೆಲ್ಲ ಅಗಲಕ್ಕೆ ಹಿಗ್ಗಿಸಿರುತ್ತಾರೆ, ಗೋಡೆಯ ಮೇಲಿನ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚೂಕಡಿಮೆ ಆಫ್ರಿಕಾದಷ್ಟು ಕಾಣುವುದು ಅದಕ್ಕೇ. ಅಲ್ಲಿಯ ಚಿಕ್ಕ ದಾರಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ಆ ದಾರ ನಿಜವಾಗಿ ಎಲ್ಲೆಲ್ಲಿ ಹೋಗುತ್ತದೆ ಅಂತ ನಾನೇ ಕೂತು ಲೆಕ್ಕ ಹಾಕಿದ್ದೇನೆ. ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ ಹೊರಡುತ್ತದೆ. ಪ್ರಯಾಗದ ಆಸುಪಾಸು, ನೇಪಾಳ, ಟಿಬೆಟ್, ಚೀನಾದ ಷಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮದ ಅಂಚು, ಆಮೇಲೆ ಸೈಬೀರಿಯಾ. ಅತಿ ಉತ್ತರಕ್ಕೆ ಹೋಗುವುದು 71 ಡಿಗ್ರಿಯವರೆಗೆ, ಪೂರ್ವ ಸೈಬೀರಿಯಾದ ಹಿಮಸಮುದ್ರದ ತೀರಕ್ಕೆ. ಅಲ್ಲಿಂದ ಕೆಳಗಿಳಿಯುತ್ತ ಅಲಾಸ್ಕಾ, ಅಲಾಸ್ಕಾ ಕೊಲ್ಲಿ, ಕೊನೆಗೆ ಕ್ಯಾಲಿಫೋರ್ನಿಯಾ. ಅಂದರೆ ಅತಿ ಹತ್ತಿರದ ದಾರಿಯಲ್ಲಿ ಪೆಸಿಫಿಕ್‌ನ ನಡುಭಾಗ ಬರುವುದೇ ಇಲ್ಲ.

ಇನ್ನೊಂದು ಮಜಾ ಇದೆ. ಬೆಂಗಳೂರಿನ ರೇಖಾಂಶಕ್ಕೆ ಭೂಮಿಯ ಆಚೆ ಬದಿಯ ರೇಖಾಂಶದಿಂದ ಸ್ಯಾನ್ ಫ್ರಾನ್ಸಿಸ್ಕೊ ಬರೀ 20 ಡಿಗ್ರಿ ಪಕ್ಕಕ್ಕಿದೆ. ಎರಡು ಊರುಗಳು ಹೆಚ್ಚೂಕಡಿಮೆ ಬೆನ್ನಿಗೆ ಬೆನ್ನು ಹಾಕಿ ನಿಂತ ಹಾಗೆ. ಹೀಗಿದ್ದಾಗ ನೆಟ್ಟಗೆ ಉತ್ತರ ಧ್ರುವಕ್ಕೇ ಹೋಗಿ, ಅದನ್ನು ಮುಟ್ಟಿ ಆಚೆ ಇಳಿದರೂ ದೂರ ಸುಮಾರು 14,360 ಕಿ.ಮೀ. ಮಾತ್ರ. ದಾರದ ದಾರಿಗಿಂತ 370 ಕಿ.ಮೀ. ಹೆಚ್ಚು, ವಿಮಾನಕ್ಕೆ ಅರ್ಧ ಗಂಟೆಯೂ ಅಲ್ಲ. ಹಾಗಾಗಿ ಈ ಊರುಗಳ ನಡುವೆ ಧ್ರುವದ ಕಡೆಯಿಂದ ಹೋಗುವುದು ಸಾಹಸವೂ ಅಲ್ಲ, ಹುಚ್ಚಾಟವೂ ಅಲ್ಲ, ಒಳ್ಳೆಯ ದಾರಿಗಳಲ್ಲಿ ಒಂದು.

ಹಾಗಾದರೆ ದಾರ ತೋರಿಸಿದ ಹಾಗೇ ಯಾಕೆ ಹೋಗುವುದಿಲ್ಲ? ಇಲ್ಲಿಂದ ಮುಂದೆ ನಮ್ಮ ಕಸುಬು ಶುರು.

ಮೊದಲ ಅಡ್ಡಿ ಟಿಬೆಟ್. ವಿಮಾನ 35,000 ಅಡಿಯಲ್ಲಿ ಹಾರುತ್ತದೆ, ಎವರೆಸ್ಟ್ ಕೂಡ 29,000 ಅಡಿ, ಮತ್ತೇನು ತೊಂದರೆ ಅಂತ ಕೇಳುತ್ತಾರೆ. ಎತ್ತರದಲ್ಲಿ ಹಾರುವುದು ತೊಂದರೆಯಲ್ಲ, ಇಳಿಯಬೇಕಾಗಿ ಬಂದರೆ ತೊಂದರೆ. ಒಳಗಿನ ಗಾಳಿಯ ಒತ್ತಡ ಹೋಯಿತು ಅಂದರೆ ತಲೆಯ ಮೇಲಿಂದ ಮಾಸ್ಕ್ ಬೀಳುತ್ತದಲ್ಲ, ಅದರಲ್ಲಿ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷದ ಮಟ್ಟಿಗೆ ಮಾತ್ರ. ಅಷ್ಟರೊಳಗೆ ಪೈಲಟ್ 10,000 ಅಡಿಗೆ, ಅಂದರೆ ಮಾಸ್ಕ್ ಇಲ್ಲದೆ ಉಸಿರಾಡಬಹುದಾದ ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್, ಹತ್ತಿರ ಹತ್ತಿರ 15,000 ಅಡಿ. ಇಳಿಯಲು ಜಾಗವೇ ಇಲ್ಲ. ಆದ್ದರಿಂದ ಆ ಕಡೆ ಬಹುಪಾಲು ವಿಮಾನಗಳು ತಲೆ ಹಾಕುವುದಿಲ್ಲ, ಪೂರ್ವದಿಂದಲೋ ಪಶ್ಚಿಮದಿಂದಲೋ ಬಳಸಿ ಹೋಗುತ್ತವೆ.

ಎರಡನೆಯದು ಗಾಳಿ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇರುವುದು ಹೆಚ್ಚಾಗಿ ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಮಾನದ ವೇಗ 900 ಅಂತ ಬರೆದಿದ್ದೀರಿ. ಸರಿ, ಉದ್ದದ ದಾರಿಯ ದೊಡ್ಡ ವಿಮಾನ ಶಬ್ದದ ವೇಗದ ನೂರರಲ್ಲಿ 84 ಪಾಲಿನಷ್ಟು ವೇಗದಲ್ಲಿ ಹೋಗುತ್ತದೆ, 35,000 ಅಡಿಯ ಚಳಿಯಲ್ಲಿ ಅದು ಗಂಟೆಗೆ ಸುಮಾರು 895 ಕಿ.ಮೀ. ಆದರೆ ಈ ವೇಗ ನೆಲದ ಲೆಕ್ಕದ್ದಲ್ಲ, ಸುತ್ತಲಿನ ಗಾಳಿಯ ಲೆಕ್ಕದ್ದು. ಆ ಗಾಳಿಯೇ ಓಡುತ್ತಿದ್ದರೆ? ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಟ್ಟು ಹಾಕುವ ಕೈ ಒಂದೇ, ಹೊಳೆಯ ಜೊತೆ ಹೋದರೆ ದಡ ಓಡುತ್ತದೆ, ಎದುರು ಹೋದರೆ ಬೆವರು ಇಳಿಯುತ್ತದೆ.

ಮೇಲೆ, ಮೂವತ್ತು ನಲವತ್ತು ಸಾವಿರ ಅಡಿಯಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳಿವೆ. ಜೆಟ್ ಸ್ಟ್ರೀಮ್ ಅನ್ನುತ್ತೇವೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಇವುಗಳ ರಭಸ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಓಯಿಶಿ ವಾಸಾಬುರೊ ಅಂತ ಜಪಾನಿನ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ಬಲೂನು ಹಾರಿಸಿ ಹಾರಿಸಿ ಗಾಳಿಯ ವೇಗ ಬರೆದಿಟ್ಟರು. ಪ್ರಪಂಚಕ್ಕೆಲ್ಲ ಗೊತ್ತಾಗಲಿ ಅಂತ ವರದಿಯನ್ನು ಎಸ್ಪೆರಾಂಟೊ ಅನ್ನುವ, ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಕಟ್ಟಿದ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನವರು ಅದನ್ನು ಗಮನಿಸಲೇ ಇಲ್ಲ, ಪಾಪ. ಆಮೇಲೆ 1944ರಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಿ-29 ಬಾಂಬರ್‌ಗಳ ಪೈಲಟ್‌ಗಳಿಗೆ ಈ ಗಾಳಿಯ ಅನುಭವ ಚೆನ್ನಾಗಿಯೇ ಆಯಿತು.

ಈ ಗಾಳಿಗೆ ಎಷ್ಟು ಬಲ ಅಂತ ಗೊತ್ತಾಗಬೇಕಾದರೆ ಒಂದು ಘಟನೆ ಸಾಕು. 2020ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಮೇಲೆ ಸಿಯಾರಾ ಅನ್ನುವ ಬಿರುಗಾಳಿ ಎದ್ದಿತ್ತು. ಆ ರಾತ್ರಿ ಬ್ರಿಟಿಷ್ ಏರ್‌ವೇಸ್‌ನ ಜಂಬೋ ಜೆಟ್ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಸಾಮಾನ್ಯವಾಗಿ ಆರು ಗಂಟೆಯ ಮೇಲೆ ಹಿಡಿಯುತ್ತದೆ. ನೆಲದ ಲೆಕ್ಕದಲ್ಲಿ ಅದರ ವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ. ಮುಟ್ಟಿತ್ತು. ಆದರೂ ಅದು ಶಬ್ದದ ವೇಗ ದಾಟಿರಲಿಲ್ಲ, ಎಂಜಿನ್ ಎಂದಿನ ಹಾಗೇ ದುಡಿಯುತ್ತಿತ್ತು, ಉಳಿದದ್ದೆಲ್ಲ ಗಾಳಿಯ ಉಡುಗೊರೆ.

ಈಗ ನಿಮ್ಮ ದಾರಿಗೆ ಬರೋಣ. ಅಂಕಿಗಳನ್ನು ದುಂಡಗೆ ಮಾಡಿ ಒಂದು ಉದಾಹರಣೆ ಕೊಡುತ್ತೇನೆ. ಹೋಗುವಾಗ ಬಂಗಾಳ ಕೊಲ್ಲಿ, ಚೀನಾದ ದಕ್ಷಿಣ, ಜಪಾನ್, ಪೆಸಿಫಿಕ್ ಅಂತ ಪೂರ್ವಕ್ಕೆ ಹೋದರೆ ಸುಮಾರು 15,200 ಕಿ.ಮೀ. ಅಂದುಕೊಳ್ಳಿ. ಬೆನ್ನಿನ ಗಾಳಿ ಸರಾಸರಿ ಗಂಟೆಗೆ 100 ಕಿ.ಮೀ. ಇದ್ದರೆ ನೆಲದ ಲೆಕ್ಕದಲ್ಲಿ ನಿಮ್ಮ ವೇಗ 1,000. ಹಾರಾಟ 15 ಗಂಟೆ 12 ನಿಮಿಷ. ಅದೇ ಗಾಳಿಯಿಲ್ಲದ 14,000 ಕಿ.ಮೀ. ದಾರಿ ಹಿಡಿದರೆ 15 ಗಂಟೆ 33 ನಿಮಿಷ. 1,200 ಕಿ.ಮೀ. ಹೆಚ್ಚು ಹಾರಿದವನು 20 ನಿಮಿಷ ಮೊದಲೇ ಇಳಿದ! ಆದ್ದರಿಂದಲೇ ಡಿಸ್ಪ್ಯಾಚ್‌ನವರು ನೆಲದ ಕಿ.ಮೀ.ಗೆ ಅಷ್ಟಾಗಿ ಬೆಲೆ ಕೊಡುವುದಿಲ್ಲ, ಗಾಳಿ ಕಳೆದು ಕೂಡಿ ಉಳಿಯುವ ದೂರವನ್ನೇ ನೋಡುತ್ತಾರೆ.

ವಾಪಸ್ ಬರುವಾಗ ಇದೇ ದಾರಿಯಲ್ಲಿ ಬಂದರೆ? ಬೆನ್ನಿನ ಗಾಳಿ ಈಗ ಎದೆಗೆ ಹೊಡೆಯುತ್ತದೆ. 900ರಲ್ಲಿ 100 ಕಳೆದರೆ 800. ಹದಿನೈದು ಸಾವಿರ ಚಿಲ್ಲರೆ ಕಿ.ಮೀ.ಗೆ 19 ಗಂಟೆ. ಅಷ್ಟು ಇಂಧನ ಹೊತ್ತು ಜನರನ್ನೂ ತುಂಬಿಕೊಂಡು ಬರಲು ಬಹುಪಾಲು ವಿಮಾನಗಳಿಗೆ ಆಗುವುದೇ ಇಲ್ಲ ಅಂತಲೇ ಹೇಳಬೇಕು. ಆದ್ದರಿಂದ ಈ ಹೊಳೆಯ ಸಹವಾಸವೇ ಬೇಡ ಅಂತ ಉತ್ತರಕ್ಕೆ ಹತ್ತಿ, ಗಾಳಿ ಅಷ್ಟು ಜೋರಿಲ್ಲದ ಧ್ರುವದ ಕಡೆಯಿಂದ ಬರುತ್ತಾರೆ. ಅಲ್ಲಿ ಬಳಸಾಟ ಎಲ್ಲ ಸೇರಿ 15,000 ಅಂದುಕೊಂಡರೂ 16 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಮಗಳು ಧ್ರುವದ ಕಡೆಯಿಂದ ಬಂದದ್ದು ಸುತ್ತು ಬಂದದ್ದಲ್ಲ, ಗಾಳಿಯಿಂದ ತಪ್ಪಿಸಿಕೊಂಡು ಬಂದದ್ದು.

ಹೋಗುವಾಗ ಲಾಭ, ಬರುವಾಗ ನಷ್ಟ, ಎರಡೂ ಸೇರಿ ಸರಿಹೋಗುತ್ತದಲ್ವಾ ಅಂತ ಕೆಲವರು ಕೇಳುತ್ತಾರೆ. ಸರಿಹೋಗುವುದಿಲ್ಲ. ಮೇಲಿನ ಲೆಕ್ಕದಲ್ಲೇ ನೋಡಿ, 15,200 ಕಿ.ಮೀ. ದಾರಿಯಲ್ಲಿ ಗಾಳಿಯಿದ್ದಾಗ ಹೋಗಿ ಬರಲು 34 ಗಂಟೆ 12 ನಿಮಿಷ, ಗಾಳಿಯಿಲ್ಲದಿದ್ದರೆ 33 ಗಂಟೆ 47 ನಿಮಿಷ. ಎದುರು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೀರಿ, ಆದ್ದರಿಂದ ಅದು ಹೆಚ್ಚು ಕಿತ್ತುಕೊಳ್ಳುತ್ತದೆ. ಚಿತ್ರದುರ್ಗದ ಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತಿರುತ್ತದೆ.

ನೀವು ಕೇಳಿಲ್ಲ, ಆದರೆ ಈ ವಿಷಯ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: ಭೂಮಿ ತಿರುಗುತ್ತಿದೆಯಲ್ಲ, ವಿಮಾನ ಮೇಲೆ ಹೋಗಿ ಸುಮ್ನೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ? ಬರುವುದಿಲ್ಲ. ಬೆಂಗಳೂರು ಗಂಟೆಗೆ 1,600 ಕಿ.ಮೀ.ಗೂ ಮೀರಿದ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ, ನಿಜ. ಆದರೆ ಅದರ ಮೇಲಿನ ಗಾಳಿಯೂ, ರನ್‌ವೇ ಮೇಲೆ ನಿಂತ ವಿಮಾನವೂ ಅದೇ ವೇಗದಲ್ಲಿ ಜೊತೆಗೇ ಹೋಗುತ್ತಿವೆ. ಓಡುವ ಕೆಂಪು ಬಸ್ಸಿನಲ್ಲಿ ಕೂತು ನಿಂಬೆಹಣ್ಣು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿನವರ ತಲೆಗೆ ಬಡಿಯುತ್ತದೆಯೇ? ನಿಮ್ಮ ಕೈಗೇ ಬೀಳುತ್ತದೆ. ಜೆಟ್ ಸ್ಟ್ರೀಮ್ ಪೂರ್ವಕ್ಕೆ ಹರಿಯಲು ಭೂಮಿಯ ತಿರುಗುವಿಕೆ ಒಂದು ಕಾರಣ, ಅಷ್ಟರ ಮಟ್ಟಿಗೆ ಮಾತ್ರ ಸಂಬಂಧ.

ಮೂರನೆಯದು ಯಾವ ದೇಶದ ಆಕಾಶ ಯಾರಿಗೆ ತೆರೆದಿದೆ ಅನ್ನುವುದು. ಇದು ಭೂಗೋಳಕ್ಕಿಂತ ಬೇಗ ಬದಲಾಗುತ್ತದೆ. 2020ರಲ್ಲಿ ಅಮೆರಿಕದ ಎರಡು ಕಂಪನಿಗಳು ಬೆಂಗಳೂರಿಗೆ ನೇರ ವಿಮಾನ ಬಿಡುತ್ತೇವೆ ಅಂತ ಘೋಷಿಸಿದ್ದವು, ಯುನೈಟೆಡ್ ಸ್ಯಾನ್ ಫ್ರಾನ್ಸಿಸ್ಕೊದಿಂದ, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ. ಮೊದಲು ಕೊರೊನಾ ಬಂತು. ಆಮೇಲೆ 2022ರ ಉಕ್ರೇನ್ ಯುದ್ಧದ ನಂತರ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶವೇ ಇಲ್ಲವಾಯಿತು. ಚಕ್ಕೋತದ ಮೇಲಿನ ದಾರ ನೆನಪಿದೆಯಲ್ಲ, ಅದರಲ್ಲಿ ಸೈಬೀರಿಯಾವನ್ನು ತೆಗೆದುಹಾಕಿದರೆ ಉಳಿಯುವುದೇನು? ಆ ಎರಡೂ ವಿಮಾನಗಳು ಶುರುವಾಗಲೇ ಇಲ್ಲ.

ಏರ್ ಇಂಡಿಯಾ ಮಾತ್ರ ಅದಕ್ಕೂ ಮುಂಚೆಯೇ ಶುರುಮಾಡಿತ್ತು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಅದರ ಮೊದಲ ನೇರ ವಿಮಾನ 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಮಹಿಳೆಯರು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಉತ್ತರ ಧ್ರುವದ ಮೇಲಿಂದಲೇ ಬಂದರು. ಆಗ ಪೇಪರುಗಳಲ್ಲಿ ಧ್ರುವದ ಸಾಹಸ ಅಂತ ದೊಡ್ಡದಾಗಿ ಬಂತು, ಬರಲಿ, ಆದರೆ ನನ್ನ ಕಣ್ಣಿಗೆ ಅದರಲ್ಲಿ ಚೆಂದ ಕಂಡದ್ದು ಲೆಕ್ಕ. ಎಲ್ಲಾದರೂ ಎಂಜಿನ್ ಕೆಟ್ಟರೆ ಎಷ್ಟು ನಿಮಿಷದೊಳಗೆ ಯಾವ ನಿಲ್ದಾಣಕ್ಕೆ ಹೋಗಿ ಇಳಿಯಬಹುದು ಅನ್ನುವುದನ್ನು ದಾರಿಯ ಪ್ರತಿ ತುಂಡಿಗೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಧ್ರುವದ ಹತ್ತಿರ ದಿಕ್ಸೂಚಿ ಕೆಲಸಕ್ಕೆ ಬರುವುದಿಲ್ಲ. ಸೂರ್ಯನಲ್ಲಿ ಸ್ಫೋಟವಾದರೆ ರೇಡಿಯೊ ಕೈಕೊಡುತ್ತದೆ, ಅಂಥ ದಿನ ದಾರಿಯನ್ನೇ ದಕ್ಷಿಣಕ್ಕೆ ಎಳೆದುಕೊಳ್ಳುತ್ತಾರೆ. ಇಂಧನ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಬೇಕು. ನಮ್ಮಲ್ಲಿ ಹಾಕುವ ಜೆಟ್ ಎ-1 ಇಂಧನಕ್ಕೆ ಮೈನಸ್ 47 ಡಿಗ್ರಿಯ ಮಿತಿ, ಅಮೆರಿಕದಲ್ಲಿ ಸಾಮಾನ್ಯವಾಗಿ ಸಿಗುವ ಜೆಟ್ ಎಗೆ ಮೈನಸ್ 40. ಅಂದರೆ ಧ್ರುವದ ಮೇಲೆ ಬರುವ ವಾಪಸ್ ಪಯಣಕ್ಕೇ ಬೇಗ ಗಟ್ಟಿಯಾಗುವ ಇಂಧನ! ಟ್ಯಾಂಕ್ ತೀರಾ ತಣ್ಣಗಾದರೆ ಪೈಲಟ್ ಸ್ವಲ್ಪ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಗಾಳಿಯ ಉಜ್ಜಾಟಕ್ಕೆ ರೆಕ್ಕೆ ಒಂದೆರಡು ಡಿಗ್ರಿ ಬೆಚ್ಚಗಾಗುತ್ತದೆ.

2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ಕಂಪನಿಗಳಿಗೆ ಮುಚ್ಚಿದಾಗ ಇನ್ನೊಂದು ಪೆಟ್ಟು ಬಿತ್ತು. ಧ್ರುವದಿಂದಲೋ ಯೂರೋಪಿನಿಂದಲೋ ಇಳಿದು ಬರುವ ನಮ್ಮ ವಿಮಾನಗಳಿಗೆ ಮಧ್ಯ ಏಷ್ಯಾದಿಂದ ಒಳಗೆ ಬರುವ ಹತ್ತಿರದ ಬಾಗಿಲು ಅದೇ ಆಗಿತ್ತು. ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ಬೆಂಗಳೂರಿನ ಹುಡುಗರಿಗೆ ಪಾಕಿಸ್ತಾನದ ಆಕಾಶಕ್ಕೂ ತಮ್ಮ ಕ್ಯಾಲಿಫೋರ್ನಿಯಾ ಟಿಕೆಟ್ಟಿಗೂ ಏನು ಸಂಬಂಧ ಅಂತ ಆಗ ಅರ್ಥವಾಯಿತು.

ಇಂಧನ ಯಾಕೆ ಸಾಲುವುದಿಲ್ಲ, ಸ್ವಲ್ಪ ಜಾಸ್ತಿ ತುಂಬಿಸಿಕೊಂಡರೆ ಆಗದೇ? ಇಲ್ಲೇ ಇರುವುದು ತೊಡಕು. ಏರ್ ಇಂಡಿಯಾದ ಆ ಮೊದಲ ನೇರ ವಿಮಾನ ಬೋಯಿಂಗ್ 777-200ಎಲ್ಆರ್. ಅದರ ಟ್ಯಾಂಕಿಗೆ ಸುಮಾರು 1.8 ಲಕ್ಷ ಲೀಟರ್ ಹಿಡಿಸುತ್ತದೆ. ಗಂಟೆಗೆ ಸರಾಸರಿ ಏಳು ಟನ್ ಆಸುಪಾಸು ಉರಿಸುತ್ತದೆ, ಅಂದರೆ ಹದಿನೇಳು ಗಂಟೆಗೆ 120 ಟನ್. ಹತ್ತು ಟನ್ ಹೆಚ್ಚಿಗೆ ಹಾಕಿದರೆ, ಅದನ್ನು ಹೊತ್ತುಕೊಂಡು ಹೋಗುವುದಕ್ಕೇ ಅದರಲ್ಲಿ ದೊಡ್ಡ ಪಾಲು ಉರಿದುಹೋಗುತ್ತದೆ. ಕೂಲಿಗೆ ಬಂದವನು ಬುತ್ತಿ ಹೊರುವುದರಲ್ಲೇ ಸುಸ್ತಾದ ಹಾಗೆ. ಹೊರಡುವಾಗ ಅಷ್ಟು ಭಾರ ಇರುವುದರಿಂದ ವಿಮಾನ ಒಮ್ಮೆಲೇ ಎತ್ತರಕ್ಕೆ ಏರಲೂ ಆಗುವುದಿಲ್ಲ. ಮೊದಲು 30,000 ಅಡಿಯ ಆಸುಪಾಸಿನಲ್ಲಿ ಸಾಗಿ, ಇಂಧನ ಕರಗಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ಎತ್ತರದ ಅಂಕಿ ನಡುನಡುವೆ ಎರಡು ಸಾವಿರ ಅಡಿ ಜಿಗಿಯುವುದನ್ನು ನೀವೇ ನೋಡಬಹುದು.

ಗಾಳಿ ಕೆಟ್ಟಿದ್ದ ಜನವರಿಯ ಒಂದು ರಾತ್ರಿ ನನಗೆ ಇನ್ನೂ ನೆನಪಿದೆ. ಊರು, ಕಂಪನಿ ಬೇಡ. ಮೂರು ಸಲ ದಾರಿ ಬದಲಿಸಿ ಲೆಕ್ಕ ಹಾಕಿದರೂ ಎದುರು ಗಾಳಿಗೆ ಇಂಧನ ಸಾಲುತ್ತಿರಲಿಲ್ಲ. ಕೊನೆಗೆ ಕೆಳಗಿನ ಸರಕು ಇಳಿಸಿದೆವು, ಅದೂ ಸಾಲದೆ ಕೆಲವು ಸೀಟು ಖಾಲಿ ಬಿಟ್ಟೆವು. ಟಿಕೆಟ್ ಇದ್ದೂ ಹತ್ತಲಾಗದ ಜನರ ಮುಖ ನೋಡುವ ಕೆಲಸ ನನ್ನದಲ್ಲ, ಕೌಂಟರಿನ ಹುಡುಗಿಯದು. ಬೈಗುಳ ತಿಂದವಳು ಅವಳು.

ಇದೇ 777-200ಎಲ್ಆರ್ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾಗುತ್ತಿಲ್ಲ. 2005ರ ನವೆಂಬರ್‌ನಲ್ಲಿ ಬೋಯಿಂಗ್‌ನವರು ಇದನ್ನು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಹಾರಿಸಿದರು. ಆದರೆ ಪಶ್ಚಿಮಕ್ಕಲ್ಲ, ಪೂರ್ವಕ್ಕೆ! ಪೆಸಿಫಿಕ್ ದಾಟಿ, ಅಮೆರಿಕ ದಾಟಿ, ಅಟ್ಲಾಂಟಿಕ್ ದಾಟಿ, 22 ಗಂಟೆ 42 ನಿಮಿಷದಲ್ಲಿ 21,602 ಕಿ.ಮೀ. ದಾಖಲೆ ಮಾಡಬೇಕಿತ್ತು, ಆದ್ದರಿಂದ ಬೆನ್ನಿನ ಗಾಳಿ ಸಿಗುವ ಉದ್ದದ ಕಡೆಯನ್ನು ಆರಿಸಿಕೊಂಡರು. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ದಾರದ ದೂರ 20,000 ಕಿ.ಮೀ.ಗಿಂತ ಜಾಸ್ತಿ ಇರಲು ಸಾಧ್ಯವೇ ಇಲ್ಲ, ಅದು ಭೂಮಿಯ ಅರ್ಧ ಸುತ್ತು. ಅದನ್ನೂ ಮೀರಿ ಹಾರಿದರು. ಆದರೆ ವಿಮಾನದಲ್ಲಿ ಮೂವತ್ತೈದು ಜನ ಮಾತ್ರ ಇದ್ದರು ಅನ್ನುವುದನ್ನು ಮರೆಯಬಾರದು. ಎಲ್ಲ ಸೀಟು ತುಂಬಿಕೊಂಡು ಅಷ್ಟು ದೂರ ಹೋಗಲಾಗುವುದಿಲ್ಲ.

ಲೆಕ್ಕದಲ್ಲಿ ಉಳಿದ ಚಿಲ್ಲರೆ ಇಷ್ಟು. ಟಿಕೆಟ್‌ನ 16 ಗಂಟೆ ಬರೀ ಹಾರಾಟದ್ದಲ್ಲ. ವಿಮಾನ ಗೇಟಿನಿಂದ ಹಿಂದಕ್ಕೆ ಸರಿದ ಕ್ಷಣದಿಂದ ಆಚೆ ಗೇಟಿನಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗೆ. ಬ್ಲಾಕ್ ಟೈಮ್ ಅನ್ನುತ್ತೇವೆ. ರನ್‌ವೇಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವಾಗ ಸುತ್ತುವುದು ಎಲ್ಲ ಸೇರಿ ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯುತ್ತದೆ. ನಮ್ಮ 15 ಗಂಟೆ 12 ನಿಮಿಷಕ್ಕೆ ಇದನ್ನು ಕೂಡಿಸಿ ನೋಡಿ, 16 ಬಂತಲ್ವಾ? 16 ಗಂಟೆ 40 ನಿಮಿಷಕ್ಕೆ ಒಂದು ಗಂಟೆ ಕೂಡಿಸಿದರೆ ಹದಿನೇಳು ಮುಕ್ಕಾಲರ ಹತ್ತಿರ. ಸಮಯಕ್ಕೆ ಸರಿಯಾಗಿ ಬಂದೆವು ಅಂತ ಹೇಳಿಕೊಳ್ಳಲು ಕಂಪನಿಗಳು ಒಂದಿಷ್ಟು ನಿಮಿಷ ಎಕ್ಸ್‌ಟ್ರಾ ಇಟ್ಟುಕೊಳ್ಳುವುದೂ ಉಂಟು, ಅದು ಕಸುಬಿನ ಗುಟ್ಟು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ನೇರವೋ, ನಡುವೆ ಇಳಿಯುವುದೋ. ಮೊದಲಿಗೆ, ನೀವು ಹೊರಡುವ ತಿಂಗಳಲ್ಲಿ ಬೆಂಗಳೂರಿನಿಂದ ನೇರ ವಿಮಾನ ಇದೆಯೇ ಅಂತ ನೋಡಿಕೊಳ್ಳಿ. ಇಷ್ಟು ಉದ್ದದ ದಾರಿಗಳು ಗಾಳಿ, ಯುದ್ಧ, ಇಂಧನದ ಬೆಲೆ ನೋಡಿಕೊಂಡು ಶುರುವಾಗುತ್ತವೆ, ನಿಲ್ಲುತ್ತವೆ. ಮಗಳ ಹಳೇ ಟಿಕೆಟ್ ನಂಬಿ ಕೂರಬೇಡಿ.

ನಡುವೆ ಇಳಿದರೆ ದೂರ ಏನೂ ಮಹಾ ಹೆಚ್ಚಾಗುವುದಿಲ್ಲ. ದುಬೈ ಮೂಲಕ ಹೋದರೆ 2,700 ಮತ್ತು 13,000, ಒಟ್ಟು 15,700 ಕಿ.ಮೀ. ಪಶ್ಚಿಮಕ್ಕೆ ಹೋಗಿ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವುದು ಹಿಂದಕ್ಕೆ ಹೋದ ಹಾಗೆ ಅನ್ನಿಸುತ್ತದೆ, ಆದರೆ ದುಬೈಯಿಂದಲೂ ದಾರ ಧ್ರುವದ ಪಕ್ಕದಲ್ಲೇ ಹೋಗುತ್ತದೆ. ಲಂಡನ್ ಮೂಲಕ 8,000 ಮತ್ತು 8,600, ಒಟ್ಟು 16,600. ಸಿಂಗಾಪುರ ಮೂಲಕ ಹೆಚ್ಚೂಕಡಿಮೆ 16,750. ಕಾಯುವ ಹೊತ್ತೂ ಸೇರಿ 21ರಿಂದ 26 ಗಂಟೆ ಅಂದುಕೊಳ್ಳಿ.

ಮೊದಲ ಸಲ ಹೋಗುವ ಹಿರಿಯರಿಗೆ ನಾನು ಲಂಡನ್ ತರಹದ್ದನ್ನೇ ಹೇಳುತ್ತೇನೆ, ಎರಡು ಸಮನಾದ ತುಂಡು, ನಡುವೆ ಮೂರು ಗಂಟೆ ಕಾಲಾಡಿಸಬಹುದು. ದುಬೈ ದಾರಿಯಲ್ಲಿ ಎರಡನೆಯ ತುಂಡೇ ಹದಿನೈದು ಹದಿನಾರು ಗಂಟೆ, ಆಗ ನಡುವೆ ಇಳಿದ ಪುಣ್ಯವೂ ಇಲ್ಲ. ಆದರೆ ಇದಕ್ಕೆ ಒಂದು ಷರತ್ತು: ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲೇಬೇಕು. ಬೇರೆ ಬೇರೆ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ ಅಂತ ತಗೊಂಡು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ನಿಮ್ಮನ್ನು ಕೇಳುವವರಿಲ್ಲ. ಇಳಿಯುವ ದೇಶದ ಟ್ರಾನ್ಸಿಟ್ ವೀಸಾ ನಿಯಮವನ್ನೂ ಬುಕ್ ಮಾಡುವ ಮೊದಲೇ ಮಗಳಿಂದ ನೋಡಿಸಿ. ಇಂಗ್ಲಿಷ್ ಮಾತಾಡಲು ಅಂಜಿಕೆ ಇದ್ದರೆ, ದೊಡ್ಡ ನಿಲ್ದಾಣದಲ್ಲಿ ಗೇಟು ಹುಡುಕುವುದು ಬೇಡವೆನಿಸಿದರೆ, ನೇರ ವಿಮಾನ ಇದ್ದಲ್ಲಿ ಅದೇ ಮೇಲು, ಹದಿನಾರು ಗಂಟೆ ಕೂತರಾಯಿತು. ಗಂಟೆ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯುತ್ತಿರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಇಂಥ ಪಯಣದಲ್ಲಿ ನಿಜವಾಗಿಯೂ ಇದೆ. ಬಿಪಿ, ಸಕ್ಕರೆ ಮಾತ್ರೆಯ ಹೊತ್ತನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿಕೊಳ್ಳಿ. ಸಸ್ಯಾಹಾರ ಬೇಕಾದರೆ ಟಿಕೆಟ್ ಜೊತೆಗೇ ಹೇಳಿಬಿಡಿ, ಹತ್ತಿದ ಮೇಲೆ ಕೇಳಿದರೆ ಬ್ರೆಡ್ಡೇ ಗತಿ.

ಕಿಟಕಿ ಸೀಟಿಗೆ ಜಗಳ ಆಡಬೇಡಿ. ಡಿಸೆಂಬರಿನಲ್ಲಿ ರಾತ್ರಿ ಎಂಟೂವರೆಗೆ ಹೊರಟು ಧ್ರುವದ ಕಡೆಯಿಂದ ಬಂದರೆ ಪೂರ್ತಿ ಹದಿನೇಳು ಗಂಟೆ ಕತ್ತಲು. ಧ್ರುವದಲ್ಲಿ ಆಗ ಆರು ತಿಂಗಳ ರಾತ್ರಿ, ಅಲ್ಲಿಂದ ಇಳಿದು ಬರುವ ಹೊತ್ತಿಗೆ ಏಷ್ಯಾದಲ್ಲೂ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಹೋದರೆ ತದ್ವಿರುದ್ಧ, ನಡುರಾತ್ರಿಯಲ್ಲಿ ಬಿಸಿಲು. ಅದೃಷ್ಟ ಇದ್ದರೆ ನಿಮಗೆ ಚಳಿಗಾಲದ ಕತ್ತಲಲ್ಲಿ ಧ್ರುವದ ಹಸಿರು ಬೆಳಕು ಕಾಣಬಹುದು, ಆಗ ಪಕ್ಕದವರನ್ನು ಎಬ್ಬಿಸಿ ತೋರಿಸಿ.

ಅಂದ ಹಾಗೆ, ದಾರ ಕಟ್ಟಿದ ಆ ಚಕ್ಕೋತವನ್ನು ಹೊರಡುವ ಮೊದಲು ಮನೆಯಲ್ಲೇ ಸುಲಿದು ತಿಂದುಬಿಡಿ. ಹಣ್ಣು ಹಂಪಲನ್ನು ಅಮೆರಿಕದ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ, ಹೇಳದೆ ಒಯ್ದರೆ ದಂಡ ಬೇರೆ.